ಕೊರಳಲ್ಲಿ ಏನೂ ಇರಬಾರದು

ಕ್ಯಾಬಿನ್ನಿನ ಗೋಡೆಯನ್ನು ಮುಟ್ಟಿ ನೋಡಿದೆ. ದೂರದಿಂದ ದುಂಡು ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುತ್ತಿದ್ದದ್ದು ಕೈಗೆ ಸಿಮೆಂಟಾಗಿತ್ತು. ಗಂಟು, ಬಿರುಕು, ತೊಗಟೆ ಎಲ್ಲವೂ ಬಣ್ಣದ್ದು.

"ಗೋಡಿ ಪಾಸೋ ನಪಾಸೋ ಹೇಳಿ ಒಳಗ ಬಾರವ್ವಾ, ಬಿಸಲು," ಎಂದ ಮಗ.

ಮಸ್ಕಿ ದಾಟಿ ಲಿಂಗಸುಗೂರಿನ ರಸ್ತೆಯಲ್ಲಿ ಹೋದರೆ ಕಲ್ಲುಗುಡ್ಡದ ಬುಡದಲ್ಲಿ ಹೊಸದಾಗಿ ಆಗಿರುವ ವಾಟರ್ ಪಾರ್ಕ್ ಅದು. ನೀರಿನ ಜಾರುಬಂಡಿಗಳು, ಅಲೆ ಏಳುವ ಕೊಳ, ಬಾಯಿ ತೆರೆದು ನಿಂತ ಪ್ಲಾಸ್ಟಿಕ್ ಡೈನೋಸಾರ್‌ಗಳು, ಬೇಲಿಯ ಪಕ್ಕದಲ್ಲಿ ಉಳಿದುಕೊಳ್ಳುವವರಿಗೆಂದು ಕ್ಯಾಬಿನ್‌ಗಳು. ಬೇಸಿಗೆ ರಜೆ ಬಿಟ್ಟಿತ್ತು. ಮಗ ಒಂದು ರಾತ್ರಿ ಉಳಿಯುವ ಹಾಗೆ ಗೊತ್ತು ಮಾಡಿ ನಮ್ಮನ್ನೆಲ್ಲ ಕರೆತಂದಿದ್ದ. ಸಿಂಧನೂರಿನಿಂದ ಅವನು, ಸೊಸೆ, ಐದನೇ ಕ್ಲಾಸು ಮುಗಿಸಿದ ಮೊಮ್ಮಗಳು, ನಾನು. ದಾರಿಯಲ್ಲಿ ಮಸ್ಕಿಯಲ್ಲಿ ಕಾರು ಹತ್ತಿದವರು ಪಾಮನಕಲ್ಲೂರಿನ ಬೀಗತಿ, ಸೊಸೆಯ ತಾಯಿ. ಮುಕ್ಕುಂದದ ಗದ್ದೆಯಲ್ಲಿ ಭತ್ತದ ಕಟಾವು ನಡೆದಿತ್ತು. ಮಷೀನು ಬಿಟ್ಟು ಬರಲಾರೆ ಎಂದು ನಮ್ಮ ಮನೆಯವರು ಅಲ್ಲೇ ಉಳಿದರು. ಅವರು ಜಾಣರು ಎಂದು ಆ ದಿನ ನಾನು ಹಲವು ಸಲ ಅಂದುಕೊಂಡೆ.

ಹೊಸ ಜಾಗದಲ್ಲಿ ಸುಮ್ಮನೆ ಕೂರುವುದು ನನಗೆ ಬರುವುದಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು, ವಾರ್ಡಿನ ಹಿರಿಯ ಸಿಸ್ಟರಾಗಿ ನಿವೃತ್ತಳಾದವಳು ನಾನು. ತರಬೇತಿಯ ಹಾಸ್ಟೆಲಿನಲ್ಲಿ ಚಾದರದ ಮೂಲೆ ನೆಟ್ಟಗೆ ಮಡಚದವರಿಗೆ ನಾಷ್ಟಾ ಸಿಗುತ್ತಿರಲಿಲ್ಲ. ಆ ಮಡಿಕೆ ಕೈಯಲ್ಲಿ ಉಳಿದುಬಿಟ್ಟಿದೆ. ಕ್ಯಾಬಿನ್ನಿನೊಳಗೆ ಒಂದು ದೊಡ್ಡ ಮಂಚ, ಒಂದರ ಮೇಲೊಂದಿರುವ ಎರಡು ಸಣ್ಣ ಮಂಚ, ಐದು ಜನರಿಗೆ ಒಂದೇ ಬಚ್ಚಲು. ನಾನು ಚಪ್ಪಲಿಗಳನ್ನು ಸಾಲಾಗಿ ಇಟ್ಟೆ, ಬೆಳಿಗ್ಗೆ ಸ್ನಾನಕ್ಕೆ ಯಾರ ಹಿಂದೆ ಯಾರು ಎಂದು ಹೇಳಿದೆ, ಎಲ್ಲ ಹಾಸಿಗೆಗಳ ಚಾದರವನ್ನೂ ಎಳೆದು ಬಿಗಿ ಮಾಡಿದೆ. ಕೆಳಗಿನ ಸಣ್ಣ ಮಂಚದ ಮೇಲೆ ಆಗಲೇ ಕಾಲು ಚಾಚಿದ್ದ ಬೀಗತಿ ನಕ್ಕರು.

"ಬೀಗರ, ಡಾಕ್ಟರ್ ಸಾಹೇಬ್ರು ರೌಂಡಿಗೆ ಬರಾಕತ್ತಾರೇನು? ನಾನೂ ಎದ್ದು ನಿಂದರಲೇನು?"

"ನೀವು ಮಲಗ್ರಿ. ಚಾದರ ಮಾತ್ರ ಬಿಡ್ರಿ," ಎಂದು ಅವರ ಕಾಲಡಿಯಿಂದಲೇ ಎಳೆದೆ.

ಮೊಮ್ಮಗಳಿಗೆ ಇದ್ಯಾವುದೂ ಕಣ್ಣಿಗೆ ಬೀಳಲಿಲ್ಲ. ಅವಳು ಕಿಟಕಿಯಲ್ಲಿ ನಿಂತು ನೀಲಿ ಕೊಳವೆಯನ್ನೇ ನೋಡುತ್ತಿದ್ದಳು. ಪಾರ್ಕಿನಲ್ಲಿ ಅದೇ ಎಲ್ಲಕ್ಕಿಂತ ಎತ್ತರದ ಜಾರುಬಂಡಿ. ಮೇಲಿನಿಂದ ಕೆಳಗಿನವರೆಗೂ ಮುಚ್ಚಿದ ಕೊಳವೆ, ನಡುವೆ ಪೂರ್ತಿ ಕತ್ತಲೆಯಂತೆ. ಅವಳ ಕ್ಲಾಸಿನ ಹುಡುಗಿಯರು ಹೋಗಿ ಬಂದು ವರ್ಣನೆ ಮಾಡಿದ್ದರು. ಅವತ್ತಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಅದೇ ಮಾತು, ತಲೆ ಬಾಚುವಾಗಲೂ ಅದೇ ಮಾತು. ಎಲ್ಲರೂ ಹೋಗಿದ್ದಾರೆ, ತಾನೊಬ್ಬಳೇ ಉಳಿದಿದ್ದೇನೆ, ಕತ್ತಲಲ್ಲಿ ಕಣ್ಣು ಮುಚ್ಚದೆ ಜಾರಿ ಬರುತ್ತೇನೆ. ಮಗ ಕಾರು ತೆಗೆದದ್ದೇ ಆ ಕೊಳವೆಗಾಗಿ.

ಇನ್ನೊಂದು ಸಂಗತಿ ಹೇಳಬೇಕು. ಹಿಂದಿನ ಶ್ರಾವಣದಲ್ಲಿ ಅಯ್ಯನವರು ಮನೆಗೆ ಬಂದು ಈ ಮೊಮ್ಮಗಳಿಗೆ ಲಿಂಗದೀಕ್ಷೆ ಕೊಟ್ಟರು. ದೀಕ್ಷೆ ಕೊಟ್ಟವರು ಅವರು, ನೇಮ ಕಲಿಸಿದವಳು ನಾನು. ಎದ್ದು ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡಿ, ಆಮೇಲೆ ಬಾಯಿಗೆ ನೀರು. ಮೈಮೇಲಿನಿಂದ ತೆಗೆಯಬಾರದು, ಇನ್ನೊಬ್ಬರ ಕೈಗೆ ಕೊಡಬಾರದು. ಮಕ್ಕಳಿಗೆ ಹೇಳುವುದನ್ನು ನಾನು ಅರ್ಧಂಬರ್ಧ ಹೇಳುವುದಿಲ್ಲ. ಅವಳೂ ಅರ್ಧಂಬರ್ಧ ಕೇಳಲಿಲ್ಲ. ನನ್ನ ಮಗ ತನ್ನ ಲಿಂಗವನ್ನು ದೇವರ ಜಗುಲಿಯ ಮೇಲಿಟ್ಟು ಗೊಬ್ಬರದ ಅಂಗಡಿಗೆ ಹೋಗುತ್ತಾನೆ. ಅವನ ಮಗಳು ಬಟ್ಟೆಯಲ್ಲಿ ಸುತ್ತಿ ಕೊರಳಿನ ಶಿವದಾರಕ್ಕೆ ಕಟ್ಟಿದ್ದನ್ನು ಆಟದ ಪಿರಿಯಡ್ಡಿನಲ್ಲಿಯೂ ತೆಗೆದವಳಲ್ಲ. ನನಗೆ ಅದರಿಂದ ಹೆಮ್ಮೆಯೇ ಇತ್ತು.

ಊಟಕ್ಕೆ ಮುಂಚೆಯೇ ಎಲ್ಲರೂ ನೀರಿಗೆ ಹೊರಟೆವು. ಮಗ, ಸೊಸೆ, ಮೊಮ್ಮಗಳು ಪಾರ್ಕಿನವರು ಕೊಟ್ಟ ನೈಲಾನ್ ಬಟ್ಟೆ ತೊಟ್ಟರು. ನಾನೂ ಬೀಗತಿಯೂ ಸೀರೆಯಲ್ಲೇ ಜಾರುಬಂಡಿಯ ಮೆಟ್ಟಿಲ ಬುಡದಲ್ಲಿದ್ದ ಬೆಂಚಿಗೆ ಬಂದೆವು. ಮೊಮ್ಮಗಳು ಓಡಿ ಸರದಿಯಲ್ಲಿ ನಿಂತಳು. ಮೆಟ್ಟಿಲ ಬಾಯಲ್ಲಿ ಸೀಟಿ ಹಾಕಿಕೊಂಡ ಹುಡುಗಿಯೊಬ್ಬಳು ಎಲ್ಲರನ್ನೂ ನೋಡಿ ನೋಡಿ ಮೇಲೆ ಬಿಡುತ್ತಿದ್ದಳು. ನಮ್ಮವಳನ್ನು ತಡೆದಳು.

"ಕೊರಳಾಗ ಏನೈತಿ? ತಗದು ಬಾ."

"ಲಿಂಗ ಐತ್ರಿ."

"ಯಾವುದಿದ್ರೂ ತಗೀಬೇಕು. ಕೊರಳಾಗ ಏನೂ ಇರಬಾರದು. ಒಳಗ ಎಲ್ಲ್ಯಾರ ಸಿಗಾಕ್ಕೊಂಡ್ರ ಕುತ್ತಿಗಿಗೆ ಬಿಗೀತೈತಿ."

ಬೀಗತಿ ಬೆಂಚಿನಿಂದಲೇ ಕೂಗಿದರು, "ನಿನ್ನ ಕೊರಳಾಗ ಸೀಟಿ ಐತಲ್ಲ ಯವ್ವಾ?"

"ನಾ ಜಾರಂಗಿಲ್ಲಲ್ರಿ ಅಜ್ಜಿ!"

ಸರದಿಯಲ್ಲಿದ್ದವರು ನಕ್ಕರು. ಮೊಮ್ಮಗಳು ನಗಲಿಲ್ಲ. ಸಾಲು ಬಿಟ್ಟು ಬಂದು ನನ್ನ ಪಕ್ಕ ಕೂತಳು. ಆ ಹುಡುಗಿ ಹೇಳಿದ್ದು ಸರಿ ಎಂದು ನನಗೆ ತಕ್ಷಣ ಗೊತ್ತಾಯಿತು. ದಾರ ಕುತ್ತಿಗೆಗೆ ಬಿಗಿದರೆ ಏನಾಗುತ್ತದೆ ಎಂದು ವಾರ್ಡಿನಲ್ಲಿ ಇದ್ದವರಿಗೆ ಹೇಳಿಕೊಡಬೇಕಾಗಿಲ್ಲ. ಅಷ್ಟರಲ್ಲಿ ಮಗ, ಸೊಸೆ ಬಂದು ಏನಾಯಿತೆಂದು ಕೇಳಿದರು.

"ಅಷ್ಟಽ ಹೌದಲ್ಲ? ತಗದು ಅಜ್ಜಿ ಕೈಯಾಗ ಕೊಡು, ಜಾರಿ ಬಂದು ಮತ್ತ ಹಾಕ್ಕೊ," ಎಂದ ಮಗ.

"ಕೊಡಬಾರದು."

"ನಿಮ್ಮವ್ವ ತಾಳಿ ಸುದ್ದಾ ಕ್ಯಾಬಿನ್ನಿನಾಗ ಇಟ್ಟು ಬಂದಾಳ."

ಅದು ನನಗೆ ಅವನ ಮಾತಿನಿಂದಲೇ ಗೊತ್ತಾದದ್ದು. ಸೊಸೆ ಗಂಡನನ್ನು ದುರುಗುಟ್ಟಿ ನೋಡಿ ಟವೆಲನ್ನು ಕೊರಳ ಸುತ್ತ ಎಳೆದುಕೊಂಡಳು. ಮೊಮ್ಮಗಳು ಮಾತ್ರ, "ಅದು ಅವ್ವಂದು. ಇದು ನಂದು," ಎಂದಳು.

ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನೇಮ ಕಟ್ಟಿದವಳು ನಾನು, ಬಿಚ್ಚಬೇಕಾದವಳೂ ನಾನೇ ಎಂಬಂತೆ. ನಾನು ಹೆಚ್ಚು ಹೊತ್ತು ಯೋಚನೆ ಮಾಡುವವಳಲ್ಲ.

"ತಗಿ. ನಾ ಹಿಡ್ಕೊಂಡು ಇಲ್ಲೇ ಕೂಡ್ರ್ತೀನಿ. ಏನೂ ಆಗಂಗಿಲ್ಲ," ಎಂದೆ.

ಅವಳು ನನ್ನ ಮುಖ ನೋಡಿದಳು. "ನೀನಽ ಹೇಳಿದ್ದಿ, ಯಾರ ಕೈಯಾಗೂ ಕೊಡಬಾರದಂತ."

"ಹೌದು. ಈಗ ನಾನಽ ತಗಿ ಅನ್ನಾಕತ್ತೀನಿ."

"ಹಂಗಂದ್ರ ಅವತ್ತ ಹೇಳಿದ್ದು ಸುಳ್ಳೇನಜ್ಜಿ?"

ಹಠದ ಮಾತಾಗಿದ್ದರೆ ಗದರಿಸಿ ಮುಗಿಸುತ್ತಿದ್ದೆ. ಅದು ಹಠವಲ್ಲ. ತಿಳಿದುಕೊಳ್ಳಲು ಕೇಳಿದ್ದು. ಸುಳ್ಳು ಎಂದರೆ ಎಂಟು ಒಂಬತ್ತು ತಿಂಗಳಿಂದ ಅವಳು ಬೆಳಗಾಗೆದ್ದು ಮಾಡಿದ್ದೆಲ್ಲ ಏನಾಯಿತು? ಸುಳ್ಳಲ್ಲ ಎಂದರೆ ಈಗ ನಾನು ಹೇಳುತ್ತಿರುವುದು ಏನು? ಅವಳು ಕಾದು ನೋಡಿ, ಎದ್ದು, ಕ್ಯಾಬಿನ್ನಿನ ದಾರಿ ಹಿಡಿದಳು. ನೀಲಿ ಕೊಳವೆಯ ಬಾಯಿಂದ ಒಂದು ಮಗು ಕಿರುಚುತ್ತ ನೀರಿಗೆ ಬಿತ್ತು. ನಮ್ಮವಳು ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಎಲ್ಲರೂ ಕ್ಯಾಬಿನ್ನಿನಲ್ಲೇ ಇದ್ದೆವು. ಹೊರಗೆ ಬಿಸಿಲು, ಒಳಗೆ ಎ.ಸಿ.ಯ ಗುಂಯ್ ಸದ್ದು. ಮೊಮ್ಮಗಳು ಮೇಲಿನ ಮಂಚ ಹತ್ತಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವ ಕೆಲಸವಾದರೂ ಇರುತ್ತಿತ್ತು. ನಾನು ಒದ್ದೆ ಟವೆಲುಗಳನ್ನು ಹಿಂಡಿ ಹೊರಗೆ ಹರವಿದೆ, ಒಣಗುವ ಮೊದಲೇ ತಿರುವಿ ಹಾಕಿದೆ. ಬಚ್ಚಲಿನ ನೆಲದ ನೀರನ್ನು ಕಾಲಿನಿಂದ ತಳ್ಳಿದೆ. ಸಾಲಾಗಿದ್ದ ಚಪ್ಪಲಿಗಳನ್ನು ತೆಗೆದು ಮತ್ತೆ ಸಾಲಾಗಿ ಇಟ್ಟೆ. ಅಯ್ಯನವರಿಗೆ ಫೋನು ಮಾಡಿ ಕೇಳೋಣವೆಂದರೆ ಅವರು ಎತ್ತಲಿಲ್ಲ.

"ಅತ್ತಿ, ಸ್ವಲ್ಪ ಕೂಡ್ರ್ರಿ, ಕಾಲು ನೋಯ್ತಾವು," ಎಂದಳು ಸೊಸೆ. ಒಳ್ಳೆಯದಕ್ಕೇ ಹೇಳಿದ್ದು. ಆದರೆ ಮುಂದೆ ಇನ್ನೊಂದು ಮಾತೂ ಬಂತು. "ಅಕಿಗೆ ನೀವು ಕಲಿಸಿದ್ದು ಅಷ್ಟು ಬಿಗಿ ಇರಬಾರದಿತ್ತೇನೋ."

"ಸಡಲ ಕಲಿಸಿದ್ರ ಅದು ಕಲಿಸಿದಂಗಲ್ಲ," ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಯಿತು. ಮಗ ಚಾ ಕುಡಿದು ಬರುತ್ತೇನೆಂದು ಹೊರಗೆ ಹೋದ.

ಬೀಗತಿ ತಾವು ತಂದಿದ್ದ ಬುತ್ತಿಯ ಗಂಟು ಬಿಚ್ಚಿ, ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ಮೇಲಿನ ಮಂಚಕ್ಕೆ ಕೈ ಚಾಚಿದರು. "ತಗೋ ಯವ್ವಾ. ರೊಟ್ಟಿ ಜೋಡಿ ಏನು ಸಿಟ್ಟು?" ಕೈ ಕೆಳಗೆ ಬಂದು ರೊಟ್ಟಿ ತೆಗೆದುಕೊಂಡಿತು. ಬೀಗತಿ ತಮ್ಮ ತೋಳು ತೋರಿಸುತ್ತ ಹಾಗೇ ಮಾತು ಮುಂದುವರಿಸಿದರು. "ನಮ್ಮವ್ವ ಶೇಂಗಾ ಕೀಳಾಕ ಹೋದ್ಲಂದ್ರ ಲಿಂಗ ರಟ್ಟಿಗೆ ಕಟ್ಕೊಂತಿದ್ಲು. ದಿನಪೂರ್ತಿ ಬಗ್ಗಿ ಕೀಳಬೇಕಲ್ಲ, ಕೊರಳಾಗಿದ್ರ ಜೋತುಬಿದ್ದು ಮಣ್ಣು ಹತ್ತತೈತಿ. ಸಂಜೀಗೆ ಮನೀಗೆ ಬಂದು ಮತ್ತ ಕೊರಳಿಗೆ."

ಮೇಲಿನ ಮಂಚ ಕಿರ್ ಎಂದಿತು. ಮೊಮ್ಮಗಳ ತಲೆ ಕೆಳಗೆ ಬಾಗಿತು.

"ಇದನ್ನ ಆವಾಗಽ ಯಾಕ ಹೇಳಲಿಲ್ಲ?"

"ನಿಮ್ಮ ಸಿಸ್ಟರಜ್ಜಿ ಮುಂದ ನನ್ನ ಮಾತು ಯಾರು ಕೇಳ್ತಾರ? ಅದೂ ಅಲ್ದ, ನನಗ ಈಗಽ ನೆನಪಾತು. ಹೊಟ್ಟಿಗೆ ರೊಟ್ಟಿ ಬಿದ್ದ ಮ್ಯಾಲ."

ಮೊಮ್ಮಗಳು ಇಳಿದು ನನ್ನ ಎದುರು ನಿಂತಳು. "ಅಜ್ಜಿ, ರಟ್ಟಿಗೆ ಕಟ್ಟಿದ್ರ ನಡೀತೈತೇನು?"

ಅಂಥದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ನಡೆಯುತ್ತದೆ ಎಂದುಬಿಡಬಹುದಿತ್ತು. ಆದರೆ ಬೆಳಿಗ್ಗೆಯ ಪ್ರಶ್ನೆಗೇ ಇನ್ನೂ ಉತ್ತರ ಕೊಡದವಳು ಮತ್ತೊಂದು ಮಾತನ್ನು ಕಟ್ಟಿ ಹೇಳುವುದು ಹೇಗೆ?

"ನನಗ ಗೊತ್ತಿಲ್ಲ," ಎಂದೆ.

ಆ ಮಾತನ್ನು ಅವಳು ನನ್ನ ಬಾಯಲ್ಲಿ ಮೊದಲ ಸಲ ಕೇಳಿರಬೇಕು. ಆಮೇಲೆ ತನಗೆ ತಾನೇ ಹೇಳಿಕೊಳ್ಳುವಂತೆ, "ರಟ್ಟಿನೂ ಮೈನಽ. ಯಾರ ಕೈಯಾಗೂ ಕೊಟ್ಟಂಗ ಆಗಂಗಿಲ್ಲ," ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಶಿವದಾರ ಕೊರಳಲ್ಲಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಲಿಂಗವನ್ನು ಎಡರಟ್ಟೆಗೆ ಒತ್ತಿ ಹಿಡಿದು, "ನೀನಽ ಕಟ್ಟು. ಬಿಚ್ಚಬಾರದು ನೋಡು," ಎಂದಳು.

ಕಟ್ಟುವುದೆಂದರೆ ನನ್ನ ಕಸುಬು. ಕೈಚೀಲದಲ್ಲಿ ಯಾವಾಗಲೂ ಇರುವ ಬ್ಯಾಂಡೇಜ್ ಸುರುಳಿ ತೆಗೆದು, ಕೆಳಗಿನಿಂದ ಮೇಲಕ್ಕೆ, ಒಂದು ಸುತ್ತಿನ ಮೇಲೆ ಅರ್ಧ ಸುತ್ತು ಕೂರುವಂತೆ ಸುತ್ತಿ, ತುದಿಗೆ ಪಟ್ಟಿ ಅಂಟಿಸಿದೆ. ರಕ್ತ ಸರಿಯಾಗಿ ಹರಿಯುತ್ತಿದೆಯೇ ಎಂದು ಬೆರಳ ತುದಿ ಒತ್ತಿ ನೋಡಿದೆ. ಬೆಳಿಗ್ಗೆಯಿಂದ ಮೊದಲ ಸಲ ನನ್ನ ಕೈಗಳಿಗೆ ತಾವೇನು ಮಾಡುತ್ತಿದ್ದೇವೆ ಎಂಬುದು ತಿಳಿದಿತ್ತು.

ಹೊತ್ತು ಇಳಿಯುತ್ತಿತ್ತು. ಜಾರುಬಂಡಿ ಮುಚ್ಚುವ ವೇಳೆ ಹತ್ತಿರವಾಗಿ ಸಾಲು ಸಣ್ಣದಾಗಿತ್ತು. ಸೀಟಿಯ ಹುಡುಗಿ ಕೊರಳು ನೋಡಿ ಸರಿ ಎಂದು ತಲೆಯಾಡಿಸಿದಳು, ಆಮೇಲೆ ರಟ್ಟೆ ನೋಡಿದಳು.

"ಏನಾಗೈತಿ? ಗಾಯ ಆದವ್ರನ್ನ ನೀರಿಗೆ ಬಿಡಂಗಿಲ್ಲ."

"ಗಾಯ ಅಲ್ಲ," ಎಂದೆ.

"ಮತ್ತ ಬ್ಯಾಂಡೇಜು? ದವಾಖಾನ್ಯಾಗ ಕಟ್ಟಿದಂಗ ಐತಲ್ರಿ."

ಬೀಗತಿ ಸೆರಗು ಬಾಯಿಗೆ ಒತ್ತಿಕೊಂಡು ಕುಲುಕಿ ಕುಲುಕಿ ನಕ್ಕರು. "ನಿಮ್ಮ ಕೈಗುಣ ನೋಡ್ರಿ ಬೀಗರ! ಚಲೋ ಇದ್ದ ಹುಡಿಗೀನ ಪೇಷಂಟ್ ಮಾಡೀರಿ!"

ನನಗೆ ನಗು ಬರಲಿಲ್ಲ. ಪಟ್ಟಿ ಕಿತ್ತು, ಅಷ್ಟು ನೀಟಾಗಿ ಸುತ್ತಿದ್ದನ್ನು ನಾನೇ ಬಿಚ್ಚಿದೆ. ಲಿಂಗ ಕಾಣುತ್ತಲೇ ಸೀಟಿಯ ಹುಡುಗಿ, "ಹಂಗಽ ಹೇಳಬಾರದೇನ್ರಿ? ರಟ್ಟಿಗೆ ಆದ್ರ ತೊಂದ್ರಿ ಇಲ್ಲ. ಜಲ್ದಿ ಮಾಡ್ರಿ," ಎಂದಳು. ಬೀಗತಿ ಮೊಮ್ಮಗಳ ಜಡೆಯ ರಿಬ್ಬನ್ ಎಳೆದು, ಲಿಂಗದ ಬಟ್ಟೆಯ ಮೇಲೆ ಸುತ್ತಿ, ಮೂಟೆಯ ಬಾಯಿ ಕಟ್ಟುವ ಹಾಗೆ ಗಂಟು ಹಾಕಿ, ನೈಲಾನ್ ಅಂಗಿಯ ತೋಳನ್ನು ಅದರ ಮೇಲೆ ಎಳೆದರು. ಅಷ್ಟೇ. ಎರಡು ಸುತ್ತು, ಒಂದು ಗಂಟು. ನನ್ನ ಕೈಕೆಳಗಿನ ಹುಡುಗಿಯರು ಯಾರಾದರೂ ಹಾಗೆ ಕಟ್ಟಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದೆ.

"ಅದು ನಿಂದರತೈತೇನ್ರಿ?" ಎಂದೆ.

"ನಮ್ಮವ್ವನ ರಟ್ಟಿ ಮ್ಯಾಲ ನಿಂತಿತ್ತು," ಎಂದರು.

ಮೊಮ್ಮಗಳು ಆಗಲೇ ಮೆಟ್ಟಿಲ ಮೇಲಿದ್ದಳು. ಹತ್ತುತ್ತ ಹತ್ತುತ್ತ ಸಣ್ಣವಳಾಗಿ ಕೊಳವೆಯೊಳಗೆ ಹೋದಳು. ಇಲ್ಲಿಂದ ಏನೂ ಕಾಣುವುದಿಲ್ಲ. ನೀರಿನ ಸದ್ದು ಮಾತ್ರ. ಬೆಂಚಿನಲ್ಲಿ ಕೂರಲಾಗದೆ ಕೊಳದ ಅಂಚಿಗೆ ಬಂದು ನಿಂತೆ. ಆ ಕತ್ತಲಲ್ಲಿ ರಿಬ್ಬನ್ ಸಡಿಲಾಗಿ, ಲಿಂಗ ಜಾರಿ, ಕೊಳದ ನೀರಿಗೆ ಬಿದ್ದು ನೂರು ಜನರ ಕಾಲಡಿ ಹೋದರೆ? ಉತ್ತರ ಕೊಟ್ಟಿದ್ದರೆ ಅದು ತಪ್ಪಿತ್ತು ಎಂದಾದರೂ ಹೇಳಿಕೊಳ್ಳಬಹುದಿತ್ತು. ನಾನು ಕೊಟ್ಟದ್ದು ಗೊತ್ತಿಲ್ಲ ಎಂಬ ಮಾತೊಂದೇ. ಅದನ್ನು ನಂಬಿ ಅವಳು ಮೇಲೆ ಹೋಗಿದ್ದಳು.

ಕೊಳವೆಯ ಬಾಯಿಂದ ಮೊದಲು ಕಾಲು ಬಂದವು, ಆಮೇಲೆ ಅವಳು ಇಡಿಯಾಗಿ ನೀರಿಗೆ ಬಿದ್ದಳು. ಮುಳುಗಿ ಎದ್ದವಳು ಕಣ್ಣು ಒರೆಸಿಕೊಳ್ಳಲಿಲ್ಲ. ಬಲಗೈ ನೆಟ್ಟಗೆ ಎಡರಟ್ಟೆಗೆ ಹೋಯಿತು. ರಿಬ್ಬನ್ ಜಾರಿ ಮೊಣಕೈ ಮೇಲೆ ಬಂದಿತ್ತು. ಲಿಂಗ ಇತ್ತು.

"ಕಣ್ಣ ಮುಚ್ಚಲಿಲ್ಲಜ್ಜಿ! ಒಳಗ ಏನೇನೂ ಕಾಣಂಗಿಲ್ಲ, ಆದ್ರೂ ಮುಚ್ಚಲಿಲ್ಲ!"

"ಗಂಟು ಸಡಲಾಗೈತಿ. ಬಾ ಇಲ್ಲಿ, ಕಟ್ಟತೀನಿ."

ಅವಳು ಕೊಳದಿಂದ ಹತ್ತಿ ಬಂದಳು. ನನ್ನ ಮುಂದೆಯೇ ನಿಂತು ಗಂಟನ್ನು ತಾನೇ ಬಿಚ್ಚಿದಳು. ಲಿಂಗವನ್ನು ಎಡರಟ್ಟೆಯ ಮೇಲ್ಭಾಗಕ್ಕೆ ಸರಿಸಿ, ರಿಬ್ಬನ್ನಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಬಲಗೈಯಿಂದ ಎಳೆದು ಬಿಗಿದಳು. ನನ್ನ ಕೈ ಎರಡು ಸಲ ಮುಂದೆ ಹೋಗಿ ಹಿಂದೆ ಬಂತು. ಗಂಟು ಓರೆಯಾಗಿತ್ತು.

"ಬಂತು ನನಗ. ಇನ್ನೊಂದ್ಸಲ ಹೋಗಿ ಬರ್ತೀನಿ, ಮುಚ್ಚಿಬಿಡ್ತಾರ," ಎಂದು ನನ್ನ ಒಪ್ಪಿಗೆಗೆ ನಿಲ್ಲದೆ ಒದ್ದೆ ಕಾಲಲ್ಲಿ ಮೆಟ್ಟಿಲ ಕಡೆ ಓಡಿದಳು. ನಾನು ಬೆಂಚಿಗೆ ಹೋಗಿ ಕೂತೆ, ಕೂತು ಮತ್ತೆ ಎದ್ದೆ.