ರಾಯರ ದೋಣಿಗೆ ನಾನು ಕಿವಿಗೊಟ್ಟದ್ದು

ಈ ಮಳೆಗಾಲದಲ್ಲಿ ನಮ್ಮ ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟು ನಾರತೊಡಗಿತು. ಬಾಗಿಲು ತೆರೆದರೆ ಮುಗ್ಗಲು ವಾಸನೆ. ಪ್ಲೈವುಡ್ಡು ಹಪ್ಪಳದಂತೆ ಉಬ್ಬಿಕೊಂಡಿತ್ತು. ಹೆಂಡತಿ ಮೂಗಿಗೆ ಸೆರಗು ಹಿಡಿದು ದೂರ ನಿಂತಳು. ನಾನು ಮಾತ್ರ ಕಪಾಟಿನೊಳಗೆ ತಲೆ ಹಾಕಿ ಇನ್ನೊಮ್ಮೆ ಮೂಸಿದೆ. ನಿಮಗೆ ವಿಚಿತ್ರ ಎನಿಸಬಹುದು. ಒದ್ದೆ ಮರ ಕೊಳೆತ ವಾಸನೆ ಬಂದರೆ ಜನಕ್ಕೆ ಬಡಗಿ ನೆನಪಾಗುತ್ತಾನೆ, ನನಗೆ ನಾಗೇಶರಾಯರು ನೆನಪಾಗುತ್ತಾರೆ.

ರಾಯರು ಕಚೇರಿಯಲ್ಲಿ ನನ್ನ ಮೇಲಧಿಕಾರಿಯಾಗಿದ್ದವರು. ಹಡಗು, ದೋಣಿ, ಬಂದರುಗಳ ಫೈಲುಗಳು ಓಡಾಡುವ ಕೇಂದ್ರ ಸರ್ಕಾರದ ವಿಭಾಗವೊಂದರಲ್ಲಿ ಮೂವತ್ತು ವರ್ಷ ಕೂತಿದ್ದರು. ಊರು ಚಿತ್ರದುರ್ಗದ ಕಡೆ. ಅವರೇ ಹೇಳಿಕೊಳ್ಳುತ್ತಿದ್ದಂತೆ, ಬಾವಿಗಿಂತ ದೊಡ್ಡ ನೀರನ್ನು ಅವರು ಮೊದಲು ಕಂಡದ್ದೇ ಫೈಲಿನಲ್ಲಿ. ಎಷ್ಟೋ ದೋಣಿಗಳ ಖರೀದಿಗೆ ಟಿಪ್ಪಣಿ ಬರೆದಿದ್ದರು, ಒಂದರಲ್ಲೂ ಕಾಲಿಟ್ಟಿರಲಿಲ್ಲ. ನಿವೃತ್ತರಾಗಿ ದಿಲ್ಲಿಯಂಚಿನ ದ್ವಾರಕಾ ಬಡಾವಣೆಯ ಸೊಸೈಟಿ ಫ್ಲ್ಯಾಟಿಗೆ ಹೋದ ಮೇಲೆ, ಬೇರೆಯವರು ಕಾಶಿ, ರಾಮೇಶ್ವರ ಎನ್ನುವ ವಯಸ್ಸಿನಲ್ಲಿ, ಅವರಿಗೆ ಹಾಯಿದೋಣಿಯ ಹುಚ್ಚು ಹತ್ತಿತು. ದ್ವಾರಕಾಕ್ಕೆ ಆಗಷ್ಟೇ ಮೆಟ್ರೋ ಬಂದಿತ್ತು. ಸೊಸೈಟಿಯ ನಲ್ಲಿಯಲ್ಲಿ ದಿನಕ್ಕೆ ಒಂದು ಗಂಟೆ ನೀರು ಬಂದರೆ ಹಬ್ಬ. ಅಂಥಲ್ಲಿ ಕೂತು ಈ ಮನುಷ್ಯ ಗಾಳಿಯ ದಿಕ್ಕಿನ ಬಗ್ಗೆ ಮಾತಾಡುತ್ತಿದ್ದರು.

ನಗಬೇಡಿ. ಅವರ ಮಟ್ಟಿಗೆ ಅದು ತಮಾಷೆಯಾಗಿರಲಿಲ್ಲ. ಒಂದು ಮಂಡಿ ಆಗಲೇ ಕೈಕೊಟ್ಟಿತ್ತು, ಇನ್ನೊಂದು ಹೊಂಚು ಹಾಕುತ್ತಿತ್ತು. ಈಗ ಆಗದಿದ್ದರೆ ಇನ್ನು ಆಗದು ಎಂಬುದು ಅವರಿಗೆ ಗೊತ್ತಿತ್ತು. ಅವರ ಹೆಂಡತಿ ಸುಲೋಚನಕ್ಕ ಕಡೆಗೂ ಮೆತ್ತಗಾದದ್ದು ಒಂದು ಷರತ್ತಿನ ಮೇಲೆ.

"ಒಂದೇ ದೋಣಿ, ಒಂದೇ ಸಲ. ಅದೂ ಬೇರೆಯವರು ನೋಡಿ ಗಟ್ಟಿಯಾಗಿದೆ ಅಂದ್ರೆ ಮಾತ್ರ. ಇಲ್ಲ ಅಂದ್ರೆ ಈ ಮನೇಲಿ ದೋಣಿ ಅನ್ನೋ ಮಾತೇ ಎತ್ತಕೂಡದು."

ಆ "ಬೇರೆಯವರು" ನಾನಾದೆ. ಕಾರಣ, ನನ್ನ ಕಿವಿ. ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಶನಿವಾರದ ಭಜನೆಗೆ ಮೃದಂಗ ಬಾರಿಸುತ್ತಿದ್ದವನು ನಾನು. ಎರಡು ಕೋಣೆಯ ಮನೆ, ಮೂವತ್ತು ಜನ, ಚಕ್ಕುಲಿಯ ತಟ್ಟೆ, ಮಧ್ಯೆ ನಾನು. ಹಾಡುವವರಿಗಿಂತ ನಾನೇ ಹೆಚ್ಚು ಕೇಳಿಸುತ್ತಿದ್ದೆ ಎಂಬ ದೂರು ಆಗಲೂ ಇತ್ತು. ಇರಲಿ. ಹಳೆಯ ದೋಣಿ ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಅದರ ಡೆಕ್ಕಂತೆ, ಅಂದರೆ ನಾವು ನಡೆದಾಡುವ ಮೇಲಿನ ಹಾಸು. ಅದು ಮೇಲೊಂದು ಫೈಬರ್ ಹಾಳೆ, ಕೆಳಗೊಂದು ಫೈಬರ್ ಹಾಳೆ, ನಡುವೆ ಮಸಾಲೆ ದೋಸೆಯ ಪಲ್ಯದಂತೆ ಹಗುರ ಮರದ ತಿರುಳು. ಎಲ್ಲೋ ಒಂದು ಸ್ಕ್ರೂ ಸಡಿಲವಾದರೂ ಸಾಕು, ಅದರ ತೂತಿನಿಂದ ನೀರು ಇಳಿದು ಒಳಗಿನ ಮರ ನೆನೆಯುತ್ತದೆ, ಕೊಳೆಯುತ್ತದೆ. ಮೇಲೆ ನೋಡಿದರೆ ಬಣ್ಣ ಫಳಫಳ. ತಟ್ಟಿ ಕೇಳಿದರೆ ಮಾತ್ರ ಗುಟ್ಟು ತಿಳಿಯುತ್ತದೆ.

"ತಟ್ಟೋದು, ಕೇಳೋದು ನಿಮ್ಮ ಡಿಪಾರ್ಟ್‌ಮೆಂಟು ಅಲ್ವೇನ್ರೀ? ಚಲೋ, ಭಾನುವಾರ ಫರೀದಾಬಾದ್," ಎಂದರು ರಾಯರು.

ಫರೀದಾಬಾದಿನ ಕಾರ್ಖಾನೆಯೊಂದರ ಹಿಂದಿನ ಶೆಡ್ಡಿನಲ್ಲಿ, ತುಕ್ಕು ಹಿಡಿದ ಲೇತ್ ಯಂತ್ರಗಳ ನಡುವೆ ಆ ದೋಣಿ ನಿಂತಿತ್ತು. ಮಾಲೀಕ ಖನ್ನಾ ಎಂಬವರು. ಮಗ ಕೆನಡಾಕ್ಕೆ ಹೋದ ಮೇಲೆ ಅದನ್ನು ಮುಟ್ಟಿದವರಿಲ್ಲ ಎಂದರು. ಪಕ್ಕದಲ್ಲಿ ಉಸ್ಮಾನ್ ಎಂಬ ಮೇಸ್ತ್ರಿ ಫೈಬರಿನ ನೀರಿನ ಟ್ಯಾಂಕು ಮಾಡುತ್ತಿದ್ದ. ಬಿಳಿ ಮೈ, ನೀಲಿ ಪಟ್ಟಿ, ಹದಿನಾರು ಅಡಿ ಉದ್ದದ ಆ ದೋಣಿಯನ್ನು ಕಂಡದ್ದೇ ರಾಯರು ಅದರ ಮೂತಿಯ ಮೇಲೆ ಕೈಯಿಟ್ಟು ಹಾಗೇ ನಿಂತುಬಿಟ್ಟರು. ಕಚೇರಿಯಲ್ಲಿ ಮಂತ್ರಿಯ ಮುಂದೆಯೂ ಅವರು ಅಷ್ಟು ವಿನಯದಿಂದ ನಿಂತದ್ದನ್ನು ನಾನು ನೋಡಿರಲಿಲ್ಲ.

ನಾನು ಚಪ್ಪಲಿ ಬಿಟ್ಟು ಮೇಲೆ ಹತ್ತಿದೆ. ಎರಡು ರೂಪಾಯಿಯ ನಾಣ್ಯ ಹಿಡಿದು, ಕಣ್ಣು ಮುಚ್ಚಿ, ಮೂತಿಯಿಂದ ತಟ್ಟುತ್ತ ಬಂದೆ. ಟಕ್, ಟಕ್, ಟಕ್. ಒಣಕಲು ಸದ್ದು, ಪೆಟ್ಟಿಗೆ ಬಡಿದಂತೆ. ನನಗೆ ಹಿಡಿಸಲಿಲ್ಲ. ಹಾಯಿಗಂಬದ ಬುಡಕ್ಕೆ ಬಂದಾಗ ಸದ್ದು ಬದಲಾಯಿತು. ಧುಂ! ಆಹಾ, ಏನು ಗಾಂಭೀರ್ಯ, ಏನು ತುಂಬು ನಾದ! ನಾಣ್ಯ ಎಸೆದು ಅಂಗೈಯಲ್ಲೇ ತಟ್ಟಿದೆ. ಧುಂ, ಧುಂ. ಕಾಲು ಗಂಟೆ ಅಲ್ಲೇ ಕೂತು ಆದಿತಾಳದಲ್ಲಿ ಒಂದು ಸಣ್ಣ ತನಿ ಆವರ್ತನವನ್ನೇ ಬಾರಿಸಿದೆನೆಂದು ಕಾಣುತ್ತದೆ. ಖನ್ನಾ ಸಾಹೇಬರು "ವಾಹ್" ಎಂದರು.

ಮೃದಂಗ ಬಲ್ಲವರು ಇಷ್ಟರಲ್ಲಿ ತಲೆ ಚಚ್ಚಿಕೊಂಡಿರುತ್ತೀರಿ. ಮೃದಂಗದ ಎಡಬದಿಗೆ ನಾವು ನೀರಲ್ಲಿ ಕಲಸಿದ ರವೆ ಮೆತ್ತುತ್ತೇವೆ. ಆ ಒದ್ದೆಯಿಂದಲೇ ಅದಕ್ಕೆ ಆಳದ ನಾದ ಬರುವುದು. ರವೆ ಒಣಗಿದರೆ ಸದ್ದೂ ಒಣಗುತ್ತದೆ. ಇಪ್ಪತ್ತು ವರ್ಷ ಒದ್ದೆಯ ನಾದಕ್ಕೇ ತಲೆದೂಗಿದ ಕಿವಿ ನನ್ನದು. ಡೆಕ್ಕಿನಲ್ಲಿ ಎಲ್ಲಿ ಮರ ನೆನೆದು ಮುದ್ದೆಯಾಗಿತ್ತೋ ಅಲ್ಲೇ ನಾನು ಮೈಮರೆತಿದ್ದೆ.

ಕೆಳಗಿಳಿದು, "ಕಣ್ಣು ಮುಚ್ಚಿ ತಗೊಳ್ಳಿ ಸಾರ್. ಅದರಲ್ಲೂ ಕಂಬದ ಹತ್ತಿರ, ಬಂಗಾರ!" ಎಂದೆ. ಟ್ಯಾಂಕಿನ ಪಕ್ಕ ಕೂತಿದ್ದ ಉಸ್ಮಾನ್ ಮೇಸ್ತ್ರಿ ಏನನ್ನೋ ಹೇಳಹೊರಟು ರಾಯರ ಮುಖ ನೋಡಿ ಸುಮ್ಮನಾದ. ಸಂಜೆ ದ್ವಾರಕಾದಲ್ಲಿ ಸುಲೋಚನಕ್ಕ ನನ್ನನ್ನೇ ಎದುರು ಕೂರಿಸಿಕೊಂಡು ಕೇಳಿದರು, ಅದೇ ಉತ್ತರ ಕೊಟ್ಟೆ. ಅವರು ನಿಟ್ಟುಸಿರುಬಿಟ್ಟು ಕೇಸರಿಬಾತ್ ಮಾಡಿದರು.

ಏಪ್ರಿಲ್‌ನಲ್ಲಿ ಓಖ್ಲಾದ ಬಳಿ, ಯಮುನೆಯ ದಡದ ಅಂಗಳವೊಂದಕ್ಕೆ ದೋಣಿ ಬಂತು. ರಾಯರು ಅರಿಶಿನ ಕುಂಕುಮ ಹಚ್ಚಿ, ಬಲಗಾಲಿಟ್ಟು ಮೇಲೆ ಹತ್ತಿ, ನೇರ ನನ್ನ ಬಂಗಾರದ ಜಾಗಕ್ಕೇ ಹೋಗಿ ನಿಂತರು. ಕರ್ ಎಂದು ಸದ್ದಾಯಿತು. ಅವರ ಹಿಮ್ಮಡಿ ನಾಲ್ಕು ಬೆರಳಿನಷ್ಟು ಒಳಗಿಳಿಯಿತು.

ಉಸ್ಮಾನ್ ಬಂದು ಮೇಲಿನ ಹಾಳೆಯನ್ನು ಕೊಯ್ದು ಎತ್ತಿದ. ಒಳಗಿನಿಂದ ಕಾಫಿ ಬಣ್ಣದ ನೀರು ಸುರಿಯಿತು, ಜೊತೆಗೆ ಆ ವಾಸನೆ. ಕೊಳೆತ ಮರವನ್ನು ಅವನು ಕರಣೆಯಿಂದ ಮೊಸರಿನಂತೆ ಬಾಚಿ ತೆಗೆಯುತ್ತಿದ್ದರೆ ನನಗೆ ಯಮುನೆಗೇ ಹಾರಿಬಿಡೋಣ ಎನಿಸಿತು. ಆ ಕಾಲದ ಯಮುನೆಯನ್ನು ಕಂಡವರಿಗೆ ನನ್ನ ಅವಮಾನದ ಆಳ ಅರ್ಥವಾದೀತು.

"ಉಳಿದ ಮರ ಪೂರ್ತಿ ಒಣಗದೆ ಮುಚ್ಚೋ ಹಾಗಿಲ್ಲ," ಎಂದ ಉಸ್ಮಾನ್ ಹಿಂದಿಯಲ್ಲಿ. "ಲೂ ಬೀಸಲಿ ಸಾಹೇಬ್. ಎರಡು ತಿಂಗಳು."

ಬೇಸಿಗೆಯಲ್ಲಿ ಬೆಂಕಿಯಂತೆ ಬೀಸುವ ದಿಲ್ಲಿಯ ಲೂ ಗಾಳಿಯನ್ನು ಬೈಯದವರಿಲ್ಲ. ಆ ವರ್ಷ ನಾವಿಬ್ಬರು ಅದಕ್ಕಾಗಿ ಕಾದು ಕೂತೆವು. ಮೇ, ಜೂನ್ ತಿಂಗಳಿಡೀ ರಾಯರು ತಲೆಗೆ ಒದ್ದೆ ಟವೆಲು ಸುತ್ತಿ, ಲೂ ತಗಲದಿರಲೆಂದು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡು, ಕುಂಟುತ್ತ ಓಖ್ಲಾಕ್ಕೆ ಬರುತ್ತಿದ್ದರು. ಬೆಳಿಗ್ಗೆ ಟಾರ್ಪಾಲು ತೆಗೆಯುವುದು, ಸಂಜೆ ಹೊದಿಸುವುದು. ಭಾನುವಾರ ನಾನೂ ಪ್ರಾಯಶ್ಚಿತ್ತಕ್ಕೆ ಹಾಜರಾಗುತ್ತಿದ್ದೆ. ಸುಲೋಚನಕ್ಕ ಇಬ್ಬರಿಗೂ ಮಜ್ಜಿಗೆ ಕಳಿಸುತ್ತಿದ್ದರು, ನನ್ನ ಜೊತೆ ಮಾತು ಮಾತ್ರ ಬಿಟ್ಟಿದ್ದರು. ರಾಯರು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ಮರ ಕೂರಿಸಿ, ಹಾಳೆ ಮುಚ್ಚಿ, ಮಳೆಗಾಲ ಕಳೆದು, ಸೆಪ್ಟೆಂಬರಿನ ಒಂದು ಬೆಳಿಗ್ಗೆ ದೋಣಿ ನೀರಿಗಿಳಿಯಿತು. ರೇಷ್ಮೆ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಸುಲೋಚನಕ್ಕ ಕಣ್ಣು ಬಿಗಿಯಾಗಿ ಮುಚ್ಚಿ ಕೂತರು. ಹಾಯಿಗೆ ಗಾಳಿ ತುಂಬಿ ದೋಣಿ ಒಮ್ಮೆ ವಾಲಿತು. ಅವರು ಕಣ್ಣು ತೆರೆದು ಸುತ್ತ ನೋಡಿದರು. "ಸದ್ದೇ ಇಲ್ಲವಲ್ರೀ," ಎಂದರು. ಇನ್ನೂ ಒಂದು ಸುತ್ತು ಎಂದು ಹಟ ಹಿಡಿದವರೂ ಅವರೇ. ಅಂಗಳದ ದೋಣಿಗಾರರಿಂದ ಪಾಠ ಹೇಳಿಸಿಕೊಂಡು ಚುಕ್ಕಾಣಿ ಹಿಡಿದಿದ್ದ ರಾಯರ ಕಣ್ಣಲ್ಲಿ ನೀರಿತ್ತು. ಏಳು ವರ್ಷ, ಎರಡನೆಯ ಮಂಡಿಯೂ ಕೈಕೊಡುವವರೆಗೆ, ಗಂಡಹೆಂಡತಿ ಆ ದೋಣಿಯಲ್ಲಿ ತಿರುಗಿದರು.

ಆದರೂ ನನ್ನೊಳಗಿನ ಮುಳ್ಳು ಹೋಗಿರಲಿಲ್ಲ. ಅವರ ಒಂದೇ ಅವಕಾಶವನ್ನು ನಾನು ಹಾಳು ಮಾಡಹೊರಟಿದ್ದೆನಲ್ಲ! ಕಳೆದ ಭಾನುವಾರ ದ್ವಾರಕಾಕ್ಕೆ ಹೋದೆ. ರಾಯರಿಗೀಗ ಎಂಬತ್ತರ ಮೇಲಾಯಿತು. ಸುಲೋಚನಕ್ಕ ಒಳಗೆ ಕಾಫಿ ಮಾಡುತ್ತಿದ್ದರು. "ಅವತ್ತು ನನ್ನಿಂದ ದೊಡ್ಡ ತಪ್ಪಾಯ್ತು ಸಾರ್. ಕ್ಷಮಿಸಿಬಿಡಿ," ಎಂದೆ.

ರಾಯರು ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಒಂದು ವಾರ ಮುಂಚೇನೇ ನಾನೊಬ್ಬನೇ ಹೋಗಿದ್ದೆ ಕಣ್ರೀ ಫರೀದಾಬಾದಿಗೆ. ಉಸ್ಮಾನ್ ಎಲ್ಲಾ ತಟ್ಟಿ ತೋರಿಸಿದ್ದ. ಕಂಬದ ಹತ್ತಿರ ಕೊಳೆತಿದೆ, ಒಂದು ಬೇಸಿಗೆ ಲೂ ಬಡಿದ್ರೆ ಸರಿಮಾಡ್ತೀನಿ ಅಂದ. ಒದ್ದೆ ಅಂತ ಇವಳ ಕಿವಿಗೆ ಬಿದ್ದಿದ್ರೆ ಕಥೆ ಮುಗೀತಿತ್ತು."

"ಮತ್ತೆ ನನ್ನನ್ನ ಯಾಕೆ ಕರಕೊಂಡು ಹೋದ್ರಿ ಸಾರ್?"

"ಶನಿವಾರದ ಭಜನೇಲಿ ನಿಮ್ಮನ್ನ ನೋಡ್ತಿರಲಿಲ್ವೇ? ಎಡಗಡೆ ಧುಂ ಅಂದ್ರೆ ಸಾಕು, ನಿಮಗೆ ಲೋಕವೇ ಬೇಡ. ಆಫೀಸಿನಲ್ಲಿ ಮೂವತ್ತು ವರ್ಷ ನಾನು ಇನ್ನೇನು ಮಾಡಿದ್ದು? ಯಾವ ಟಿಪ್ಪಣಿ ಬೇಕೋ, ಅದನ್ನ ಬರೆಯೋರ ಮೇಜಿಗೇ ಫೈಲು ಕಳಿಸೋದು."

ಕಾಫಿ ಬಂತು, ಮಾತು ಬದಲಾಯಿತು. ವಾಪಸು ಬರುವಾಗ ಮೆಟ್ರೋದಲ್ಲಿ ಮೂರು ಸ್ಟೇಷನ್ನಿನವರೆಗೆ ಕೋಪ ಇತ್ತು. ಇಷ್ಟು ವರ್ಷ ನಿದ್ದೆಗೆಟ್ಟವನು ನಾನು, ಹಾಯಾಗಿದ್ದವರು ಅವರು! ನಾಲ್ಕನೆಯ ಸ್ಟೇಷನ್ನಿನಲ್ಲಿ ನಗು ಬಂತು. ಎದುರಿಗೆ ಕೂತ ಹುಡುಗಿ ಫೋನಿನಿಂದ ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕೆ. ನನ್ನ ಕಿವಿಯನ್ನು ಅಷ್ಟು ಸರಿಯಾಗಿ ಕೇಳಿಸಿಕೊಂಡವರು ಈ ಲೋಕದಲ್ಲಿ ಅವರೊಬ್ಬರೇ.