ಚೌಡಮ್ಮನ ಇನ್ನೊಂದೇ ಚೊಂಬು

ನನ್ನ ಮಗಳು ಮೊದಲ ಸಲ ನಕ್ಕಿದ್ದು ನನ್ನನ್ನು ನೋಡಿ ಅಲ್ಲ. ಸಂಬಳ ಕೊಟ್ಟು ಬಾಣಂತನಕ್ಕೆ ಕರೆಸಿದ್ದ ಚೌಡಮ್ಮನನ್ನು ನೋಡಿ!

ಅರವತ್ತರ ದಶಕದ ಮಾತು. ಕೃಷ್ಣಮೂರ್ತಿಪುರಂನಲ್ಲಿ ನಮ್ಮದೊಂದು ವಠಾರದ ಮನೆ. ನನಗೆ ಅಮ್ಮನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಅದಕ್ಕೇ ನಮ್ಮೆಜಮಾನರು, ಆಗಿನ್ನೂ ಹಳ್ಳಿಯಾಗಿದ್ದ ಶ್ರೀರಾಂಪುರದ ಚೌಡಮ್ಮನನ್ನು ಮೂರು ತಿಂಗಳಿಗೆ ಗೊತ್ತುಮಾಡಿದ್ದರು.

ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿ ನೀರು ಹಾಕುತ್ತಿದ್ದಳು. ಮಗು ಕಮಕ್ ಕಿಮಕ್ ಅನ್ನುತ್ತಿರಲಿಲ್ಲ. ನಾನು ಎತ್ತಿಕೊಂಡರೆ ಮಾತ್ರ ಇಡೀ ವಠಾರಕ್ಕೆ ಕೇಳುವಂಥ ಅಳು...

ಹೆತ್ತವಳು ನಾನು, ನಗು ಅವಳಿಗೆ! ಹೊಟ್ಟೆ ಉರಿದುಹೋಗುತ್ತಿತ್ತು.

ಮಗುವಿನದು ಮುಗಿದ ಮೇಲೆ ನನ್ನ ಸರದಿ. ಹಂಡೆಯ ನೀರು ಬೆನ್ನಿಗೆ ರಾಚುತ್ತಾ, "ತಲೆ ಬಗ್ಗುಸವ್ವ, ಇನ್ನೊಂದೇ ಚೊಂಬು" ಅನ್ನುತ್ತಿದ್ದಳು. ಅದು ಯಾವತ್ತೂ ಇನ್ನೊಂದೇ ಆಗಿರುತ್ತಿರಲಿಲ್ಲ. ಆಗ ಅದರ ಬೆಲೆ ನನಗೆಲ್ಲಿ ಗೊತ್ತು? ನನ್ನ ಕಣ್ಣೆಲ್ಲ ಮಗುವಿನ ಮೇಲೆ.

ಒಂದು ದಿನ ಅವಳು ಬರುವುದು ಲೇಟಾಯಿತು. ಇವತ್ತು ನಾನೇ ನೀರು ಹಾಕಿ ತೋರಿಸುತ್ತೇನೆ ಅನ್ನುವ ಹಟ ನನಗೆ. ಅವಳ ಹಾಗೇ ಕೂತೆ, ಅವಳ ಹಾಗೇ ಮಲಗಿಸಿಕೊಂಡೆ.

ನೀರಿನ ಹದ ಮಾತ್ರ ನೋಡಲಿಲ್ಲ.

ಮೊದಲ ಚೊಂಬಿಗೇ ಮಗು ಕಿಟಾರನೆ ಕಿರುಚಿತು. ಬೆನ್ನು ಕೆಂಪಗಾಯಿತು. ಅಷ್ಟರಲ್ಲಿ ಬಂದ ಚೌಡಮ್ಮ ಮಗುವನ್ನು ಬಾಚಿಕೊಂಡಳು. ಯಜಮಾನರು ಓಡಿಬಂದಾಗ ಮಗು ಇದ್ದದ್ದು ಅವಳ ಕೈಯಲ್ಲಿ.

"ನೋಡ್ರೀ, ಎಂಥಾ ಬಿಸಿನೀರು ಹಾಕ್ಬುಟ್ಲು ಇವ್ಳು!" ಅಂದುಬಿಟ್ಟೆ.

ಚೌಡಮ್ಮ ಒಂದು ಸಲ ನನ್ನ ಮುಖ ನೋಡಿದಳು. "ನಂದೇ ತಪ್ಪು ಬುದ್ಧಿ, ಹದ ನೋಡ್ನಿಲ್ಲ" ಅಂದಳು. ಮಗುವಿನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿ, ಟವೆಲ್ ಸುತ್ತಿ ನನ್ನ ಮಡಿಲಿಗಿಟ್ಟು ಹೊರಟುಹೋದಳು. ಇನ್ನು ಬರುವುದು ಬೇಡ ಅಂತ ಯಜಮಾನರು ಅವತ್ತೇ ಹೇಳಿಬಿಟ್ಟಿದ್ದರು.

ಗೆದ್ದೆ ಅಂದುಕೊಂಡೆ. ಎರಡೇ ದಿನಕ್ಕೆ ಬೆನ್ನಿನ ಕೆಂಪು ಇಳಿಯಿತು. ನಾಲ್ಕಾರು ದಿನಕ್ಕೆ ಮಗಳು ನನ್ನನ್ನು ನೋಡಿಯೂ ನಕ್ಕಳು.

ಒಂದು ತಿಂಗಳಾಗಿರಬೇಕು. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಾ ನಿಂತಿದ್ದೇನೆ. ಗೋಡೆಯಾಚೆ ಮನೆಯಲ್ಲೂ ಬಾಣಂತಿ. ಅವರ ಬಚ್ಚಲಿಂದ ನೀರು ರಾಚುವ ಸದ್ದು, ಹಿಂದೆಯೇ ಅದೇ ದನಿ...

"ತಲೆ ಬಗ್ಗುಸವ್ವ, ಇನ್ನೊಂದೇ ಚೊಂಬು."

ಒದ್ದೆ ಬಟ್ಟೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮುಖವೂ ಕಾಣದ ಆ ಬಾಣಂತಿ ಹುಡುಗಿಯ ಮೇಲೆ ನನಗಾದ ಹೊಟ್ಟೆಕಿಚ್ಚು, ಚೌಡಮ್ಮನ ಮೇಲೂ ಯಾವತ್ತೂ ಆಗಿರಲಿಲ್ಲ. ತಪ್ಪು ನನ್ನದೇ ಎಂದು ಚೌಡಮ್ಮನಿಗೆ ಹೇಳಬೇಕು ಅಂತ ಗೋಡೆಯವರೆಗೂ ಹೋದೆ. ಹೇಳಲಿಲ್ಲ.

ಆಮೇಲೆ ಇಷ್ಟು ವರ್ಷ ನನ್ನ ತಲೆಗೆ ನಾನೇ ನೀರು ಹಾಕಿಕೊಂಡಿದ್ದೇನೆ ಕಣ್ರೀ... ನಿಮಗೆ ಇನ್ನೊಂದೇ ಚೊಂಬು ಅನ್ನುವವರು ಯಾರಾದರೂ ಇದ್ದಾರಾ?