ಹುಲುಗಪ್ಪ ಮೇಸ್ತ್ರಿಯ ಪಂದ್ಯದ ಕಾರು

ಸಾಹುಕಾರರು ಮದರಾಸಿನಿಂದ ತರಿಸಿದ ಕಾರುಗಳನ್ನು ಪಂದ್ಯಕ್ಕೆ ಸಜ್ಜು ಮಾಡುತ್ತಿದ್ದ ಹೊಸಪೇಟೆಯ ಹುಲುಗಪ್ಪ ಮೇಸ್ತ್ರಿಗೆ, ಇಂಜಿನ್ನಿನ ಹೆಡ್ಡು ಬಿಚ್ಚಿಟ್ಟರೆ ಊಟದ ನೆನಪೂ ಇರುತ್ತಿರಲಿಲ್ಲ. ಗಾಳಿ ಹೋಗುವ ಕಿಂಡಿಯನ್ನು ಸಣ್ಣ ಅರದಿಂದ ಉಜ್ಜುವುದು, ಕಿರುಬೆರಳು ತೂರಿಸಿ ಕಣ್ಣುಮುಚ್ಚಿ ಸವರುವುದು, ಮತ್ತೆ ಉಜ್ಜುವುದು. "ಗಾಳಿಗೆ ದಾರಿ ಬಿಟ್ಟರ ಓಟ ತಾನ ಬರ್ತೈತ್ರಿ" ಅನ್ನುತ್ತಿದ್ದ. ಅವನ ಕೈಯಾಡಿದ ಕಾರಿಗೆ ಹೆದರಿ ಕಂಪ್ಲಿ ರಸ್ತೆಯ ಕೋಳಿಗಳು ಭಾನುವಾರ ಹೊರಗೇ ಬರುವುದಿಲ್ಲವೆಂದು ಜನ ನಗುತ್ತಿದ್ದರು. ಆದರೆ ಪಂದ್ಯಕ್ಕೆ ಮುಂಚೆ ಯಾರು ಎಷ್ಟೇ ಅವಸರ ಮಾಡಲಿ, ತಾನೇ ಕಾರು ಓಡಿಸಿ, ಮೂರು ಸಲ ಬ್ರೇಕು ಒತ್ತಿ ನೋಡದೆ ಕೊಡುತ್ತಿರಲಿಲ್ಲ. "ಓಡೋದು ನೀವು ನೋಡ್ರಿ, ನಿಲ್ಲೋದು ನಾ ನೋಡ್ತೀನಿ." ಅದಕ್ಕೆ ಯಾರೂ ಎದುರಾಡುತ್ತಿರಲಿಲ್ಲ. ಅವನು ಕಟ್ಟಿದ ಮೊದಲ ಇಂಜಿನ್ನಿನಲ್ಲಿ ಪಂದ್ಯ ಗೆದ್ದ ತಮ್ಮ ಭರಮಣ್ಣ, ಕಾರು ನಿಲ್ಲದೆ ಕಾಲುವೆಗೆ ಬಿದ್ದು ಸತ್ತಿದ್ದ.